ಹುಂಜದ ಜುಟ್ಟಿನಿಂದ ಕ್ಯೋಟೊ ತನಕ: ಹಲ್ಲು ಮೊಳೆಸುವ ಸಾಹಸ

ಲಂಡನ್ನಿನ ಹಂಟೇರಿಯನ್ ವಸ್ತುಸಂಗ್ರಹಾಲಯದಲ್ಲಿ ಸೀಳಿಟ್ಟ ಹುಂಜದ ತಲೆಯೊಂದಿದೆ. ಅದರ ಜುಟ್ಟಿನೊಳಗೆ ಮನುಷ್ಯನ ಹಲ್ಲು ನಾಟಿಕೊಂಡಿದೆ. 18ನೇ ಶತಮಾನದ ಶಸ್ತ್ರವೈದ್ಯ ಜಾನ್ ಹಂಟರ್ ನೆಟ್ಟದ್ದು ಅದು. ಆಗಷ್ಟೇ ಕಿತ್ತ ಹಲ್ಲು ಬೇರೊಂದು ಜೀವದಲ್ಲಿ ಬೇರೂರಬಲ್ಲದು ಎಂದು ತೋರಿಸುವುದು ಆತನ ಉದ್ದೇಶವಾಗಿತ್ತು. ಅದನ್ನು ನೆಚ್ಚಿಕೊಂಡು ಲಂಡನ್ನಿನಲ್ಲಿ ಕೆಲಕಾಲ ಒಂದು ವ್ಯಾಪಾರವೇ ನಡೆಯಿತು: ಬಡವರಿಗೆ ಕಾಸು ಕೊಟ್ಟು ಅವರ ಹಲ್ಲು ಕೀಳಿಸಿ, ಸಿರಿವಂತರ ಬಾಯಿಗೆ ಕೂರಿಸುವುದು. ಆ ಹಲ್ಲುಗಳು ಬಹಳ ದಿನ ನಿಲ್ಲಲಿಲ್ಲ. ಜತೆಗೆ ಸಿಫಿಲಿಸ್ ಅಂಟಿತೆಂಬ ದೂರುಗಳೂ ಬಂದು ವ್ಯಾಪಾರ ತಣ್ಣಗಾಯಿತು.

ಇಷ್ಟು ಹಳೆಯ ಆಸೆ ಇದು. ಹಾಗಾಗಿಯೇ ‘ಜಪಾನಿನಲ್ಲಿ ಹಲ್ಲು ಮೊಳೆಸುವ ಔಷಧ ಬಂದಿದೆ, 2030ಕ್ಕೆ ಎಲ್ಲರಿಗೂ ಸಿಗುತ್ತದೆ’ ಎಂಬ ಸುದ್ದಿ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಜಪಾನ್ ನಿಜ, 2030ರ ಗುರಿಯೂ ನಿಜ. ‘ಎಲ್ಲರಿಗೂ’ ಎಂಬುದು ಮಾತ್ರ ಸುದ್ದಿ ಕೈಯಿಂದ ಕೈಗೆ ದಾಟುವಾಗ ಸೇರಿಕೊಂಡದ್ದು.

ಹಲ್ಲು ಹುಟ್ಟುವುದು ಎರಡು ಪದರಗಳ ಮಾತುಕತೆಯಿಂದ. ಭ್ರೂಣದ ಬಾಯಿಯ ಹೊರಪದರ ಒಳಕ್ಕೆ ಮಡಿಚಿಕೊಳ್ಳುತ್ತದೆ, ಅದರ ಕೆಳಗಿನ ಪದರ ಅದಕ್ಕೆ ಉತ್ತರ ಕೊಡುತ್ತದೆ. ಹೊರಪದರದಿಂದ ಹಲ್ಲಿನ ಮೇಲಿನ ಗಟ್ಟಿ ಕವಚವಾದ ಎನಾಮೆಲ್, ಒಳಪದರದಿಂದ ಅದರಡಿಯ ಡೆಂಟಿನ್ ಮತ್ತು ನಡುವಿನ ತಿರುಳು. ಯಾವ ಪದರದ ಮಾತು ಹೆಚ್ಚು ನಡೆಯುತ್ತದೆ? 1970ರಲ್ಲಿ ಎಡ್ವರ್ಡ್ ಕೊಲ್ಲಾರ್ ಮತ್ತು ಗ್ರೇಸ್ ಬೇರ್ಡ್ ಇಲಿ ಭ್ರೂಣದ ಹಲ್ಲಿನ ಒಳಪದರವನ್ನು ಇಲಿ ಭ್ರೂಣದ್ದೇ ಪಾದದ ಚರ್ಮದ ಜತೆ ಸೇರಿಸಿ ಬೆಳೆಸಿದರು. ಪಾದದ ಚರ್ಮವಾಗಬೇಕಿದ್ದುದು ಹಲ್ಲು ಕಟ್ಟುವ ಕೆಲಸಕ್ಕೆ ಇಳಿಯಿತು! ದವಡೆಹಲ್ಲಿನ ಒಳಪದರಕ್ಕೆ ಬಾಚಿಹಲ್ಲಿನ ಹೊರಪದರ ಕೂಡಿಸಿದಾಗ ಬಂದದ್ದು ದವಡೆಹಲ್ಲು. ಸರಿಯಾದ ಕೋಶಗಳನ್ನು ಸರಿಯಾದ ಹೊತ್ತಿಗೆ ಎದುರುಬದುರು ಕೂರಿಸಿದರೆ ಮುಂದಿನದನ್ನು ಅವೇ ನೋಡಿಕೊಳ್ಳುತ್ತವೆ ಎಂಬ ಧೈರ್ಯ ಬಂದದ್ದು ಇಲ್ಲಿಂದ.

ಮುಂದಿನ ದಶಕಗಳ ಉತ್ಸಾಹವೆಲ್ಲ ಹಲ್ಲನ್ನು ಪ್ರಯೋಗಾಲಯದಲ್ಲಿ ಕಟ್ಟುವುದರ ಮೇಲಿತ್ತು. 2002ರಲ್ಲಿ ಬಾಸ್ಟನ್ನಿನ ಪಮೇಲಾ ಯೆಲಿಕ್ ತಂಡ ಹಂದಿಯ ಹಲ್ಲಿನ ಮೊಳಕೆಯ ಕೋಶಗಳನ್ನು ಕರಗುವ ಚೌಕಟ್ಟಿನ ಮೇಲೆ ಬಿತ್ತಿ, ಹೆಗ್ಗಣದ ಹೊಟ್ಟೆಯೊಳಗೆ ಪುಟ್ಟ ಹಲ್ಲಿನ ತಲೆಗಳನ್ನು ಬೆಳೆಸಿತು. 2004ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಶಾರ್ಪ್ ತಂಡ ಒಳಪದರದ ಬದಲು ಬೆಳೆದ ಇಲಿಯ ಮೂಳೆಮಜ್ಜೆಯ ಕೋಶಗಳನ್ನೇ ಬಳಸಿ ಹಲ್ಲು ಮಾಡಿ ತೋರಿಸಿತು.

ಎಲ್ಲಕ್ಕಿಂತ ಕಣ್ಣಿಗೆ ಕಟ್ಟುವಂಥದ್ದು ತಕಾಶಿ ತ್ಸುಜಿ ತಂಡ 2009ರಲ್ಲಿ ಜಪಾನಿನಲ್ಲಿ ಮಾಡಿದ ಪ್ರಯೋಗ. ಬೆಳೆದ ಇಲಿಯ ಮೇಲ್ದವಡೆಯಿಂದ ಒಂದು ಹಲ್ಲು ಕಿತ್ತು, ಆ ಗುಳಿಯಲ್ಲಿ ಪ್ರಯೋಗಾಲಯದಲ್ಲಿ ಕೂಡಿಸಿದ ಮೊಳಕೆಯನ್ನಿಟ್ಟರು. ಅದು ಬೇರುಬಿಟ್ಟು ಒಸಡು ಸೀಳಿ ಮೇಲೆ ಬಂತು, ಕೆಳಗಿನ ಹಲ್ಲಿಗೆ ತಾಗಿ ನಿಂತಿತು, ನೋವಿಗೂ ಸ್ಪಂದಿಸಿತು. ಕೋಶಗಳಿಗೆ ಹಸಿರು ಮಿನುಗುವ ಪ್ರೋಟೀನ್ ಸೇರಿಸಿದ್ದರಿಂದ ಇಲಿಯ ಬಾಯಲ್ಲಿ ಒಂದೇ ಒಂದು ಹಲ್ಲು ಹಸಿರಾಗಿ ಹೊಳೆಯುವ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆದರೆ ಆ ಕೋಶಗಳನ್ನು ತೆಗೆದದ್ದು ಇಲಿಯ ಭ್ರೂಣದಿಂದ. ಮನುಷ್ಯನಿಗೆ ಒಂದು ದವಡೆಹಲ್ಲು ಬೇಕೆಂದು ಭ್ರೂಣಕ್ಕೆ ಕೈಹಾಕಲಾದೀತೇ? ಬೆಳೆದವರ ಕೋಶಗಳಿಂದಲೇ ಎರಡೂ ಪದರ ಕಟ್ಟುವ ದಾರಿಗೆ ಹುಡುಕಾಟ ಈಗಲೂ ನಡೆದಿದೆ. ಈ ಮಧ್ಯೆ, ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಕೂರಿಸಿದ್ದ ಟೈಟಾನಿಯಂ ಇಂಪ್ಲಾಂಟ್ ಊರೂರಿನ ಕ್ಲಿನಿಕ್ಕಿಗೆ ಬಂದು, ಇಡೀ ಹಲ್ಲು ಬೆಳೆಸುವ ತುರ್ತನ್ನೇ ತಗ್ಗಿಸಿಬಿಟ್ಟಿತು.

ಇಡೀ ಹಲ್ಲಿನ ಗೋಜಿಗೆ ಹೋಗದೆ, ಇರುವ ಹಲ್ಲಿನ ಒಳಗನ್ನು ಉಳಿಸಿಕೊಳ್ಳಲು ಹೊರಟವರದು ಇನ್ನೊಂದು ಕಥೆ. ನನ್ನ ಲೆಕ್ಕದಲ್ಲಿ ನಮ್ಮ ನಿಮ್ಮಂಥವರ ಬಾಯಿಗೆ ಹತ್ತಿರವಾದದ್ದು ಇದೇ. ಅಮೆರಿಕದಲ್ಲಿ ಸ್ಟಾನ್ ಗ್ರೊಂಥೋಸ್ ಮತ್ತು ಸೊಂಗ್ಟಾವ್ ಶಿ ಅವರಿದ್ದ ತಂಡ 2000ದಲ್ಲಿ ಬೆಳೆದವರ ಹಲ್ಲಿನ ತಿರುಳಿನಲ್ಲಿ, 2003ರಲ್ಲಿ ಮಕ್ಕಳ ಉದುರಿದ ಹಾಲುಹಲ್ಲಿನಲ್ಲಿ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶ) ಪತ್ತೆಮಾಡಿತು. ನಾವು ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯುತ್ತಿದ್ದ ಅದೇ ಹಾಲುಹಲ್ಲು. ಪೆಟ್ಟುಬಿದ್ದು ಬಾಚಿಹಲ್ಲಿನ ತಿರುಳು ಸತ್ತುಹೋಗಿದ್ದ ಮಕ್ಕಳಿಗೆ ಅವರದೇ ಹಾಲುಹಲ್ಲಿನಿಂದ ತೆಗೆದ ಕೋಶಗಳನ್ನು ಚೀನಾದ ವೈದ್ಯರು ತುಂಬಿಸಿದರು. ಹಲ್ಲಿನೊಳಗೆ ರಕ್ತನಾಳ, ನರ ಎರಡೂ ಮರಳಿದವೆಂದು 2018ರಲ್ಲಿ ವರದಿಮಾಡಿದರು. ಇದನ್ನೇ ಹಿಡಿದು ‘ಮಗುವಿನ ಹಲ್ಲನ್ನು ಶೈತ್ಯಾಗಾರದಲ್ಲಿಡಿ’ ಎಂದು ದುಡ್ಡು ಕೇಳುವ ಬ್ಯಾಂಕುಗಳೂ ಹುಟ್ಟಿಕೊಂಡಿವೆ. ಸದ್ಯಕ್ಕೆ ಆ ಖರ್ಚಿಗೆ ಗಟ್ಟಿ ಕಾರಣ ನನಗಂತೂ ಕಾಣುವುದಿಲ್ಲ.

ಶಾರ್ಪ್ ಕೂಡ ಈ ದಾರಿಗೆ ಬಂದರು. ಮರೆವಿನ ಕಾಯಿಲೆಗೆಂದು ಮೊದಲು ಪರೀಕ್ಷಿಸಿದ್ದ ಟೈಡಿಗ್ಲುಸಿಬ್ ಎಂಬ ಔಷಧದಲ್ಲಿ ಕೊಲ್ಯಾಜೆನ್ ಸ್ಪಂಜಿನ ಚೂರು ನೆನೆಸಿ, ಇಲಿಯ ಹಲ್ಲಿಗೆ ಕೊರೆದ ತೂತಿನಲ್ಲಿಟ್ಟರು. ಆರು ವಾರದಲ್ಲಿ ಸ್ಪಂಜು ಕರಗಿ ಆ ಜಾಗದಲ್ಲಿ ಹಲ್ಲಿನದೇ ಡೆಂಟಿನ್ ತುಂಬಿಕೊಂಡಿತ್ತು. ಇದು 2017ರ ಮಾತು. ಎನಾಮೆಲ್ ಮಾತ್ರ ಇಷ್ಟಕ್ಕೆಲ್ಲ ಬಗ್ಗುವುದಿಲ್ಲ. ಅದನ್ನು ಕಟ್ಟುವ ಕೋಶಗಳು ಹಲ್ಲು ಹೊರಬರುವಷ್ಟರಲ್ಲಿ ಸತ್ತುಹೋಗಿರುತ್ತವೆ. ಸವೆದರೆ ದೇಹದಿಂದ ರಿಪೇರಿ ಇಲ್ಲ.

ಈಗ ಜಪಾನಿನ ಔಷಧಕ್ಕೆ ಬರೋಣ. ಅದರ ಬೇರು ಹುಳುಕುಹಲ್ಲಿನಲ್ಲಿಲ್ಲ, ಹುಟ್ಟಿನಿಂದಲೇ ಹಲ್ಲಿಲ್ಲದವರಲ್ಲಿದೆ. ಇಂಥವರ ದಾಖಲೆ ನಮ್ಮ ಉಪಖಂಡದಿಂದಲೇ ಹೋದದ್ದುಂಟು. ಸಿಂಧ್ ಪ್ರಾಂತದ ಒಂದು ಹಿಂದೂ ಕುಟುಂಬದ ವಿಷಯವನ್ನು ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಬರೆದಿದ್ದಾನೆ. ನಾಲ್ಕು ತಲೆಮಾರಿನಲ್ಲಿ ಹತ್ತು ಗಂಡಸರು. ಒಬ್ಬೊಬ್ಬರಿಗೂ ಎರಡು ದವಡೆ ಸೇರಿ ನಾಲ್ಕು ಬಡಕಲು ಬಾಚಿಹಲ್ಲು, ಎಂಟು ದವಡೆಹಲ್ಲು, ಅಷ್ಟೆ. ಮೈಮೇಲೆ ಕೂದಲು ಕಮ್ಮಿ, ಬೇಸಗೆ ಬಂತೆಂದರೆ ಚರ್ಮ ಒಣಗಿ ಒದ್ದಾಟ. ಹೆಣ್ಣುಮಕ್ಕಳಿಗೆ ಏನೂ ಇಲ್ಲ, ಅವರು ಹೆತ್ತ ಗಂಡುಮಕ್ಕಳಿಗೆ ಮಾತ್ರ ಬರುತ್ತದೆ. ಎಕ್ಸ್ ವರ್ಣತಂತುವಿನ ಮೂಲಕ ಬರುವ ಈ ತೊಂದರೆಯ ಜೀನ್ ಸಿಕ್ಕಿದ್ದು 1996ರಲ್ಲಿ. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಹೋಲ್ಮ್ ಶ್ನೈಡರ್ ತಂಡ ಕೊರತೆಯಾದ ಪ್ರೋಟೀನನ್ನು ಗರ್ಭದ ನೀರಿಗೇ ಚುಚ್ಚಿ ಕೊಟ್ಟಿತು. ಹುಟ್ಟಿದ ಮಕ್ಕಳು ಎಲ್ಲರಂತೆ ಬೆವರಿದರೆಂದು 2018ರಲ್ಲಿ ಪ್ರಕಟವಾಯಿತು.

ಕ್ಯೋಟೊದ ಕತ್ಸು ತಕಾಹಾಶಿ ಹಿಡಿದದ್ದು ಬೇರೆ ಎಳೆ. ಯುಎಸ್‌ಎಜಿ-1 ಎಂಬ ಪ್ರೋಟೀನ್ ಇಲ್ಲದ ಇಲಿಗಳಿಗೆ ಹೆಚ್ಚುವರಿ ಹಲ್ಲು ಬರುತ್ತದೆಂದು 2007ರಲ್ಲಿ ಗೊತ್ತಾಗಿತ್ತು. ಹಲ್ಲಿನ ಬೆಳವಣಿಗೆಗೆ ಈ ಪ್ರೋಟೀನ್ ಬ್ರೇಕ್ ಇದ್ದಂತೆ. ಬ್ರೇಕ್ ಬಿಡಿಸುವ ಪ್ರತಿಕಾಯ (ಆ ಪ್ರೋಟೀನಿಗೆ ಅಂಟಿಕೊಂಡು ಅದನ್ನು ತಡೆಯುವ ಅಣು) ತಯಾರಿಸುವುದು ಸಲೀಸಾಗಿರಲಿಲ್ಲ. ಅದೇ ಪ್ರೋಟೀನ್ ದೇಹದ ಇತರ ಅಂಗಗಳ ಬೆಳವಣಿಗೆಗೂ ಬೇಕಾದ ಎರಡು ಸಂಕೇತಗಳನ್ನು ಹತೋಟಿಯಲ್ಲಿಡುತ್ತದೆ. ಕೆಲವು ಪ್ರತಿಕಾಯಗಳಿಂದ ಇಲಿಮರಿಗಳು ಹುಟ್ಟುವುದು, ಬದುಕುವುದೇ ಕಡಿಮೆಯಾಯಿತು. ಬಿಎಂಪಿ ಎಂಬ ಒಂದೇ ಸಂಕೇತಕ್ಕೆ ತಾಗುವ ಪ್ರತಿಕಾಯ ಕೈಹಿಡಿಯಿತು. ಒಂದೇ ಡೋಸಿಗೆ, ಹಲ್ಲಿಲ್ಲದೆ ಹುಟ್ಟುವ ತಳಿಯ ಇಲಿಗೆ ಹಲ್ಲು ಬಂತು. ನಮ್ಮಂತೆ ಎರಡು ಸಲ ಹಲ್ಲು ಬರುವ ಫೆರೆಟ್ ಎಂಬ ಪ್ರಾಣಿಗೂ ಹೆಚ್ಚುವರಿ ಹಲ್ಲು ಮೂಡಿತು. 2021ರಲ್ಲಿ ಇದು ಪ್ರಕಟವಾಗುವ ಹೊತ್ತಿಗೆ ಟೊರೆಜೆಮ್ ಬಯೋಫಾರ್ಮಾ ಎಂಬ ಕಂಪನಿಯೂ ಶುರುವಾಗಿತ್ತು.

2024ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮನುಷ್ಯರ ಮೇಲಿನ ಪರೀಕ್ಷೆ ಮೊದಲಾಯಿತು. 30ರಿಂದ 64 ವರ್ಷದ 30 ಮಂದಿ ಆರೋಗ್ಯವಂತ ಗಂಡಸರು, ಒಂದಾದರೂ ಹಲ್ಲು ಕಳೆದುಕೊಂಡವರು. ಔಷಧ ರಕ್ತನಾಳದ ಮೂಲಕ. ಈ ಹಂತದಲ್ಲಿ ನೋಡುವುದು ಅಪಾಯ ಇದೆಯೇ ಎಂಬುದನ್ನು. ಹಲ್ಲು ಬಂತೇ ಎಂಬುದನ್ನಲ್ಲ. ಹಲ್ಲು ಕಳೆದುಕೊಂಡವರನ್ನೇ ಆರಿಸಿಕೊಂಡದ್ದೂ ಅದಕ್ಕೇ: ಅಪ್ಪಿತಪ್ಪಿ ಒಂದು ಹಲ್ಲು ಮೂಡಿದರೂ ತೊಂದರೆಯಾಗಬಾರದು. ಮುಂದಿನ ಹಂತಕ್ಕೆ ಯೋಚಿಸಿರುವುದು ಎರಡರಿಂದ ಏಳು ವರ್ಷದ, ಹುಟ್ಟಿನಿಂದ ಕನಿಷ್ಠ ನಾಲ್ಕು ಹಲ್ಲು ಇಲ್ಲದ ಮಕ್ಕಳನ್ನು. 2030ರ ಗುರಿ ಅವರಿಗಾಗಿ.

ವಯಸ್ಸಿನಿಂದಲೋ ಹುಳುಕಿನಿಂದಲೋ ಹಲ್ಲು ಉದುರಿಸಿಕೊಂಡವರ ಸರದಿ ಆಮೇಲೆ. ಮನುಷ್ಯನ ದವಡೆಯಲ್ಲಿ ಮೂರನೇ ಸರಣಿಯ ಹಲ್ಲಿನ ಮೊಳಕೆ ಮಲಗಿರುತ್ತದೆ ಎಂಬುದು ತಕಾಹಾಶಿಯವರ ವಾದ. ಅರವತ್ತು ದಾಟಿದವರ ದವಡೆಯಲ್ಲಿ ಅದು ಎಷ್ಟರಮಟ್ಟಿಗೆ ಉಳಿದಿರುತ್ತದೆ, ರಕ್ತಕ್ಕೆ ಬಿಟ್ಟ ಔಷಧ ಬೇಕಾದ ಜಾಗದಲ್ಲೇ, ಬೇಕಾದ ಆಕಾರದ ಹಲ್ಲನ್ನೇ ಎಬ್ಬಿಸುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಗಳು ಇನ್ನೂ ಬಾಕಿ ಇವೆ.