ಕೆಂಪು ಟೋಪಿಯವರು

ರಜೆಗೆ ಊರಿಗೆ ಬಂದಾಗಲೆಲ್ಲ ನಮ್ಮ ಸೋದರಮಾವ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಏನಪ್ಪಾ, ನೀನು ಮಿಲಿಟರಿನೋ, ಪೊಲೀಸೋ? ಎರಡರಲ್ಲಿ ಒಂದು ಹೇಳು." ನಾನು ನಿವೃತ್ತನಾಗಿ ವರ್ಷಗಳಾದವು. ಅವರಿಗೆ ಇನ್ನೂ ಉತ್ತರ ಸಿಕ್ಕಿಲ್ಲ.

ನಾನಿದ್ದದ್ದು ಕೋರ್ ಆಫ್ ಮಿಲಿಟರಿ ಪೊಲೀಸ್‌ನಲ್ಲಿ. ಚಿಕ್ಕದಾಗಿ ಸಿಎಂಪಿ. ಭೂಸೇನೆಯ ಒಳಗಿನ ಪೊಲೀಸರು ಅಂತ ಇಟ್ಟುಕೊಳ್ಳಿ. ತಲೆ ಮೇಲೆ ಕೆಂಪು ಬೆರೆ ಟೋಪಿ, ಸೊಂಟಕ್ಕೆ ಬಿಳಿ ಬೆಲ್ಟು, ತೋಳಿಗೆ ಕಪ್ಪು ಪಟ್ಟಿ, ಅದರ ಮೇಲೆ ಕೆಂಪಕ್ಷರದಲ್ಲಿ 'ಎಂಪಿ'. ಆ ಟೋಪಿ ದೂರದಲ್ಲಿ ಕಂಡರೆ ಸಾಕು, ಜವಾನರ ಕೈ ತಾನಾಗಿ ಅಂಗಿಯ ಗುಂಡಿಗೆ ಹೋಗುತ್ತದೆ. ಅದಕ್ಕೇ ನಮ್ಮನ್ನು ಕಂಡರೆ ಯಾರಿಗೂ ಅಷ್ಟೊಂದು ಪ್ರೀತಿ ಇಲ್ಲ.

ಗೊಂದಲಕ್ಕೆ ಹೆಸರೂ ಒಂದು ಕಾರಣ. ಬಿಹಾರದಲ್ಲಿ 2021ರವರೆಗೆ 'ಬಿಹಾರ ಮಿಲಿಟರಿ ಪೊಲೀಸ್' ಅಂತಲೇ ಒಂದು ಪಡೆ ಇತ್ತು. ಅದು ನಮ್ಮ ಕೆಎಸ್‌ಆರ್‌ಪಿ ಥರ ರಾಜ್ಯದ ಸಶಸ್ತ್ರ ಪೊಲೀಸ್. ಸೇನೆಗೂ ಅದಕ್ಕೂ ಸಂಬಂಧವಿಲ್ಲ. ಇಟಲಿಯಲ್ಲಿ 1814ರಲ್ಲಿ ಶುರುವಾದ ಕ್ಯಾರಬಿನಿಯೇರಿ ಇದೆ. ಅವರು ಸೈನಿಕರ ಮೇಲೂ ಕಣ್ಣಿಡುತ್ತಾರೆ, ಬೀದಿಯ ಜೇಬುಗಳ್ಳನನ್ನೂ ಹಿಡಿಯುತ್ತಾರೆ. ನಮ್ಮ ಸಿಎಂಪಿಗೆ ಬೀದಿಯ ಕಳ್ಳ ಸೇರಿದವನಲ್ಲ. ಕಂಟೋನ್ಮೆಂಟ್ ಗೇಟಿನಲ್ಲಿ ಹೊರಗಿನವನೊಬ್ಬ ಕಳ್ಳತನ ಮಾಡಿ ಸಿಕ್ಕಿಬಿದ್ದರೆ ಹಿಡಿದು ನಿಲ್ಲಿಸಬಹುದು, ಆಮೇಲೆ ತಡಮಾಡದೆ ಊರಿನ ಪೊಲೀಸರಿಗೆ ಒಪ್ಪಿಸಬೇಕು. ಅಷ್ಟು ಮಾಡುವ ಹಕ್ಕು ಕಾನೂನಿನ ಪ್ರಕಾರ ನಿಮಗೂ ಇದೆ.

ಹಾಗಾದರೆ ನಮ್ಮ ಅಧಿಕಾರ ಎಲ್ಲಿಂದ ಬಂತು? 1950ರ ಸೇನಾ ಕಾಯ್ದೆಯ 107ನೇ ಸೆಕ್ಷನ್‌ನಿಂದ. ಪ್ರೊವೋಸ್ಟ್ ಮಾರ್ಷಲ್ ಅನ್ನುವ ಅಧಿಕಾರಿಯ ಬಗ್ಗೆ ಅದು ಹೇಳುತ್ತದೆ. ನಾವೆಲ್ಲ ಅವರ ಕೈಕೆಳಗಿನವರು. ಸೇನೆಯಲ್ಲಿ ಶಿಸ್ತು ಕಾಪಾಡುವುದು, ತಪ್ಪು ಮಾಡಿದ ಸೈನಿಕನನ್ನು ಹಿಡಿದು ವಿಚಾರಣೆಗೆ ಇಟ್ಟುಕೊಳ್ಳುವುದು, ಬಂಧನದಲ್ಲಿರುವವರನ್ನು ನೋಡಿಕೊಳ್ಳುವುದು ಇವರ ಕೆಲಸ. ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತೂ ಇದೆ. ಸ್ವಂತ ಅಧಿಕಾರದ ಮೇಲೆ ಯಾವ ಶಿಕ್ಷೆಯನ್ನೂ ಕೊಡುವಂತಿಲ್ಲ. ನನ್ನನ್ನು ಕೇಳಿದರೆ ಈ ಕೆಲಸದ ತಿರುಳೇ ಆ ಒಂದು ಸಾಲು.

ರಸ್ತೆಯಲ್ಲಿ ಅದು ಹೇಗಿರುತ್ತದೆ ನೋಡಿ. ನಂಬರ್ ಪ್ಲೇಟಿನಲ್ಲಿ ಮೇಲ್ಮುಖದ ಬಾಣ ಇರುವ ಸೇನೆಯ ಟ್ರಕ್ ಜೋರಾಗಿ ಬರುತ್ತದೆ. ಕೈ ತೋರಿಸಿ ನಿಲ್ಲಿಸುತ್ತೇನೆ. ಡ್ರೈವರ್ ಇಳಿದು "ಉಸ್ತಾದ್, ಇದೊಂದ್ ಸಲ ಬಿಟ್ಬಿಡಿ" ಅನ್ನುತ್ತಾನೆ. ನಾನು ದಂಡ ಹಾಕುವುದಿಲ್ಲ, ಬೈಯುವುದೂ ಇಲ್ಲ. ಹೆಸರು, ನಂಬರು, ಯೂನಿಟ್ಟು, ವೇಗ, ಹೊತ್ತು ಬರೆದುಕೊಂಡು ಬಿಟ್ಟುಬಿಡುತ್ತೇನೆ. ಆ ಕಾಗದ ಅವನ ಕಮಾಂಡಿಂಗ್ ಆಫೀಸರ್ ಮೇಜಿಗೆ ಹೋಗುತ್ತದೆ. ಶಿಕ್ಷೆ ಕೊಡಬೇಕೋ ಬೇಡವೋ ಅವರಿಗೆ ಬಿಟ್ಟಿದ್ದು. ಟ್ರಕ್ಕಿನ ಬದಲು ಮೇಜರ್ ಸಾಹೇಬರ ಜೀಪು ಬಂದರೆ? ಮೊದಲು ಸೆಲ್ಯೂಟ್, ಆಮೇಲೆ ಅದೇ ಕಾಗದ. ಇನ್ನೊಬ್ಬ ಅಧಿಕಾರಿಯ ಆದೇಶ ಇಲ್ಲದೆ ಅಧಿಕಾರಿಯನ್ನು ಬಂಧಿಸುವಂತಿಲ್ಲ ಅಂತ ಕಾಯ್ದೆಯೇ ಹೇಳಿದೆ. ಆದರೆ ಬರೆಯಬೇಡ ಅಂತ ಎಲ್ಲೂ ಹೇಳಿಲ್ಲ, ಅಲ್ವಾ?

ಹಿಡಿಯುವುದಕ್ಕಿಂತ ದಾರಿ ತೋರಿಸುವುದೇ ನಮಗೆ ಜಾಸ್ತಿ. ಭಾರತದಲ್ಲಿ ಈ ಪಡೆ ಹುಟ್ಟಿದ್ದೂ ಯುದ್ಧದ ಅಗತ್ಯಕ್ಕೆ. 1939ರಲ್ಲಿ, ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ, ಅಶ್ವದಳ ಮತ್ತು ಕಾಲ್ದಳದ ರೆಜಿಮೆಂಟುಗಳಿಂದ ಜನರನ್ನು ಆಯ್ದು ಮೊದಲ ಪ್ರೊವೋಸ್ಟ್, ಅಂದರೆ ಸೇನಾ ಪೊಲೀಸ್, ತುಕಡಿ ಕಟ್ಟಿದರು. ಅದು ಪೂರ್ವ ಆಫ್ರಿಕಾಕ್ಕೆ ಹೋಯಿತು. ಒಂದು ಡಿವಿಷನ್ ಹೊರಟರೆ ಸಾವಿರಾರು ವಾಹನ. ಮುಂದೆ ಇರುವುದು ಒಂದೇ ರಸ್ತೆ, ಒಂದೇ ಸೇತುವೆ. ಯಾರು ಮೊದಲು, ಯಾರು ಆಮೇಲೆ, ಗಾಯಾಳುಗಳ ಗಾಡಿ ಹಿಂದಕ್ಕೆ ಬರಲು ಜಾಗ ಎಲ್ಲಿ? ಇದನ್ನೆಲ್ಲ ನಿಂತು ನಡೆಸುವವರು ಬೇಕಲ್ಲ. ಸ್ವಾತಂತ್ರ್ಯ ಬಂದ ಮೇಲೂ ಪಡೆ ಉಳಿಯಿತು. ಪ್ರತಿವರ್ಷ ಅಕ್ಟೋಬರ್ 18ರಂದು ಕೋರ್ ಡೇ, ಅಂದರೆ ಪಡೆಯ ದಿನ, ಮಾಡುತ್ತೇವೆ. 'ಸೇವಾ ತಥಾ ಸಹಾಯತಾ' ನಮ್ಮ ಧ್ಯೇಯವಾಕ್ಯ.

ಒಂದು ಚಳಿಗಾಲ ಬೆಟ್ಟದ ರಸ್ತೆಯೊಂದು ಎರಡಾಗುವ ಕಡೆ ನನಗೆ ರಾತ್ರಿ ಡ್ಯೂಟಿ. ದೀಪ ಹಾಕುವಂತಿಲ್ಲ. ಕೈಯಲ್ಲಿ ಕೆಂಪು ಕಾಗದ ಸುತ್ತಿದ ಟಾರ್ಚು. ಟ್ರಕ್ಕುಗಳು ಬರುವುದು ಕಣ್ಣಿಗೆ ಕಾಣುವ ಮೊದಲು ಕಾಲಿಗೆ ಗೊತ್ತಾಗುತ್ತಿತ್ತು, ನೆಲ ಅದುರುತ್ತಿತ್ತು. ಬಲಕ್ಕೆ ಹೋದರೆ ಪೋಸ್ಟು, ಎಡಕ್ಕೆ ಹೋದರೆ ಕುಸಿದ ರಸ್ತೆ. ನಲವತ್ತಕ್ಕೂ ಮೇಲೆ ಗಾಡಿ ಎಣಿಸಿ ಬಲಕ್ಕೆ ಬಿಟ್ಟೆ. ಒಬ್ಬ ಡ್ರೈವರೂ ನನ್ನ ಮುಖ ನೋಡಲಿಲ್ಲ, ಟಾರ್ಚು ನೋಡಿ ಹೋದರು. ಬೆಳಗಾದ ಮೇಲೆ ಬೆರಳು ಮಡಚಲು ಬರದೆ ಸ್ಟವ್ ಮುಂದೆ ಕೂತಿದ್ದೆ.

ಯುದ್ಧಕೈದಿಗಳನ್ನು ಹಿಂದಕ್ಕೆ ಸಾಗಿಸುವುದು, ಅವರನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳುವುದು ಕೂಡ ನಮ್ಮ ಪಾಠದಲ್ಲಿ ದೊಡ್ಡ ಭಾಗ. 1949ರ ಜಿನೀವಾ ಒಪ್ಪಂದದ ಪ್ರಕಾರ ಕೈದಿ ಹೇಳಲೇಬೇಕಾದ್ದು ಹೆಸರು, ಹುದ್ದೆ, ಹುಟ್ಟಿದ ದಿನ, ಸೇನಾ ಸಂಖ್ಯೆ ಮಾತ್ರ. 1971ರ ಪಾಕಿಸ್ತಾನ ಯುದ್ಧದಲ್ಲಿ ಸುಮಾರು 93,000 ಜನ ಸೆರೆಯಾದಾಗ ಇದು ಪುಸ್ತಕದ ಮಾತಾಗಿ ಉಳಿಯಲಿಲ್ಲ. ಅದಕ್ಕೂ ಮುಂಚೆ, 1953ರಲ್ಲಿ, ಕೊರಿಯಾದಲ್ಲಿ ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂತ ಹಟ ಹಿಡಿದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಭಾರತೀಯ ಸೈನಿಕರು ಕಾದಿದ್ದರು. ಆ ಕೈದಿಗಳ ವಿಚಾರ ನೋಡಿಕೊಳ್ಳಲು ಮಾಡಿದ್ದ ತಟಸ್ಥ ದೇಶಗಳ ಆಯೋಗದ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಅದು ಬರೀ ಎಂಪಿಗಳ ಕೆಲಸ ಆಗಿರಲಿಲ್ಲ. ಆದರೂ ಕೈದಿಯನ್ನು ಕಾಯುವುದು ಅಂದಾಗ ನನಗೆ ಮೊದಲು ನೆನಪಾಗುವುದು ಅವರೇ.

ನಮ್ಮ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ಮೋಟಾರ್‌ಸೈಕಲ್ ಮೇಲೆ ಕಸರತ್ತು ಮಾಡುವ 'ಶ್ವೇತ ಅಶ್ವ' ತಂಡವನ್ನು ನೀವು ನೋಡಿರಬಹುದು, ಅವರು ನಮ್ಮವರೇ. ಭೂಸೇನೆ ಮೊದಲ ಸಲ ಹೆಣ್ಣುಮಕ್ಕಳನ್ನು ಜವಾನರಾಗಿ ತೆಗೆದುಕೊಂಡಿದ್ದೂ ಈ ಪಡೆಗೇ. ಅದಕ್ಕೂ ಮುಂಚೆ ಅವರು ಅಧಿಕಾರಿಗಳಾಗಿ ಮಾತ್ರ ಬರಬಹುದಿತ್ತು. 2019ರ ಆಗಸ್ಟ್‌ನಲ್ಲಿ ಬೆಳಗಾವಿಯಲ್ಲಿ ಭರ್ತಿ ರ‍್ಯಾಲಿ ನಡೆಯಿತು. ಆಯ್ಕೆಯಾದವರಿಗೆ ಬೆಂಗಳೂರಿನಲ್ಲಿ 61 ವಾರ ತರಬೇತಿ. 2021ರ ಮೇ 8ರಂದು 83 ಜನ ಪರೇಡ್ ಮುಗಿಸಿ ಹೊರಬಂದರು. ಕೊರೊನಾ ಕಾಲ, ಸದ್ದುಗದ್ದಲ ಇಲ್ಲದೆ ಮುಗಿಯಿತು. ಹೆಣ್ಣುಮಕ್ಕಳ ಮೇಲಿನ ಅಪರಾಧದ ತನಿಖೆ, ಹೆಂಗಸರ ತಪಾಸಣೆ, ಇಂಥ ಕಡೆ ಗಂಡಸರು ಕೈಕಟ್ಟಿ ನಿಲ್ಲಬೇಕಾಗಿತ್ತು. ಇಷ್ಟು ತಡ ಯಾಕಾಯಿತು ಅನ್ನುವುದೊಂದೇ ನನ್ನ ಪ್ರಶ್ನೆ.

ಈಗ ಊರಿನಲ್ಲಿ ಅಪ್ಪ ಅಮ್ಮಂದಿರು ಬಂದು ಕೇಳುವ ವಿಷಯ. "ಮಗ ರಜೆ ಮುಗಿದ್ರೂ ಹೋಗಿಲ್ಲ, ಮಿಲಿಟರಿ ಪೊಲೀಸ್ ಮನೆಗೆ ಬರ್ತಾರಾ?" ಸಾಮಾನ್ಯವಾಗಿ ಬರುವುದು ನಿಮ್ಮ ಠಾಣೆಯ ಪೊಲೀಸರೇ. ಯೂನಿಟ್ಟಿನಿಂದ 'ಅಪ್ರಿಹೆನ್ಷನ್ ರೋಲ್', ಅಂದರೆ ಇವನನ್ನು ಹಿಡಿದುಕೊಡಿ ಅನ್ನುವ ಕಾಗದ, ಜಿಲ್ಲೆಗೆ ಬರುತ್ತದೆ. ಸೇನೆ ಬಿಟ್ಟು ಓಡಿದವನನ್ನು ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು. ಮೂವತ್ತು ದಿನ ದಾಟಿದರೆ ಯೂನಿಟ್ಟಿನಲ್ಲಿ ಕೋರ್ಟ್ ಆಫ್ ಎನ್‌ಕ್ವೈರಿ ಅನ್ನುವ ವಿಚಾರಣೆ ಕೂರುತ್ತದೆ, ಗೈರುಹಾಜರಿ ದಾಖಲಾಗುತ್ತದೆ. ಅಲ್ಲಿಗೆ ಬಿಟ್ಟರೆ ಬಿಡಿಸಿಕೊಳ್ಳುವುದು ಕಷ್ಟ. ಮಗನನ್ನು ಹೊಲದ ಮನೆಯಲ್ಲಿ ಬಚ್ಚಿಡಬೇಡಿ. ಹತ್ತಿರದ ಯಾವ ಸೇನಾ ಯೂನಿಟ್ ಆದರೂ ಸರಿ, ತಾನಾಗಿ ಹೋಗಿ ವರದಿ ಮಾಡಿಕೊಳ್ಳಲಿ. ಹಿಡಿದು ತಂದವನಿಗೂ ತಾನೇ ಬಂದವನಿಗೂ ಕಾಗದದಲ್ಲಿ ಬಹಳ ವ್ಯತ್ಯಾಸ ಇದೆ.

ಪಠಾಣ್‌ಕೋಟ್ ಸ್ಟೇಷನ್ನಿನಲ್ಲಿ ಒಂದು ಬೆಳಿಗ್ಗೆ ಡ್ಯೂಟಿಯಲ್ಲಿದ್ದೆ. ಹುಡುಗನೊಬ್ಬ ಟ್ರಂಕಿನ ಮೇಲೆ ಕೂತಿದ್ದಾನೆ, ಏಳುವುದೇ ಇಲ್ಲ. ರಜೆ ಚೀಟಿ ಕೇಳಿದೆ. ಮೂರು ದಿನ ದಾಟಿತ್ತು. ಕ್ಯಾಪಿನ ಒಳಗೆ ಕನ್ನಡದಲ್ಲಿ ಹೆಸರು ಬರೆದುಕೊಂಡಿದ್ದ.

"ಯಾವೂರೋ ತಮ್ಮಾ?"

ಅಷ್ಟಕ್ಕೇ ಅವನ ಕಣ್ಣಲ್ಲಿ ನೀರು. "ಬಾಗಲಕೋಟಿ ಕಡೆ ರೀ ಸಾಹೇಬ್ರ. ನಮ್ಮವ್ವಗ ಆರಾಮ ಇರ್ಲಿಲ್ರಿ. ವಾಪಸ್ ಊರಿಗೆ ಹೋಗ್ಲೇನ್ರಿ?"

"ಹೋದ್ರೆ ಮೂರು ದಿನ ಮೂವತ್ತಾಗುತ್ತೆ, ಸುಮ್ನೆ ಏಳು" ಅಂದೆ. ಚಹಾ ಕುಡಿಸಿ, ತಾನಾಗಿಯೇ ಬಂದು ಹಾಜರಾದ ಅಂತ ಬರೆದು ಹೊತ್ತು ಹಾಕಿದೆ, 6-40. ಆಸ್ಪತ್ರೆ ಚೀಟಿ ಇತ್ತು, ಅದನ್ನೂ ಪಿನ್ ಮಾಡಿದೆ. ಅವನ ಯೂನಿಟ್ಟಿನ ಕಡೆ ಹೋಗುವ ಟ್ರಕ್ ಹತ್ತಿಸಿದೆ. ಅಲ್ಲಿ ಅವನಿಗೆ ಎಷ್ಟು ದಿನ ಶಿಕ್ಷೆಯಾಯಿತೋ, ಬೈದು ಬಿಟ್ಟರೋ ಗೊತ್ತಾಗಲಿಲ್ಲ. ಅದನ್ನು ತೀರ್ಮಾನಿಸುವುದು ನನ್ನ ಕೆಲಸವೂ ಆಗಿರಲಿಲ್ಲ.