ಸೋಲಾರ್ ಇದ್ದೂ ಕರೆಂಟ್ ಬಿಲ್ ಯಾಕೆ ಇಳಿಯಲ್ಲ?

ಮಹಡಿ ಮೇಲೆ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಇದೆ, ಬಿಲ್ ಮಾತ್ರ ಇಳಿದಿಲ್ಲ. ಬೆಂಗಳೂರಿನ ಮನೆಗಳಿಂದ ಇಂಥ ದೂರು ಬಂದರೆ ಪ್ಯಾನೆಲ್‌ಗಿಂತ ಮೊದಲು ನೋಡಬೇಕಾದದ್ದು ಬ್ಯಾಕಪ್ ಕಾಯಿಲ್‌ನ, ಅಂದರೆ ಬಿಸಿಲಿಲ್ಲದ ದಿನಕ್ಕೆಂದು ಟ್ಯಾಂಕಿನೊಳಗೆ ಇಟ್ಟಿರುವ ಕರೆಂಟ್ ಹೀಟರಿನ ಸ್ವಿಚ್ಚು. ಬಹಳ ಸಲ ಅದು ವರ್ಷಪೂರ್ತಿ ಆನ್. ಕೇಳಿದರೆ ಅದೇ ಉತ್ತರ: "ಥರ್ಮೋಸ್ಟಾಟ್ ಇದೆಯಲ್ಲಾ ಸಾರ್, ನೀರು ಕಾದ್ಮೇಲೆ ತಾನೇ ಆಫ್ ಆಗುತ್ತೆ."

ಆಗುತ್ತದೆ, ಸ್ವಾಮಿ. ತಕರಾರು ಅದು ಆನ್ ಆಗುವ ಹೊತ್ತಿನದು. ಬೆಳಿಗ್ಗೆ ಏಳರೊಳಗೆ ಎಲ್ಲರ ಸ್ನಾನ ಮುಗಿದು 120 ಲೀಟರ್ ಬಿಸಿನೀರು ಖರ್ಚಾಯಿತು ಎನ್ನಿ. ಅಷ್ಟೇ ತಣ್ಣೀರು ಟ್ಯಾಂಕಿಗೆ ಇಳಿಯುತ್ತದೆ. ಬಿಸಿಲು ಕಾಯಿಸಬೇಕಾದದ್ದು ಇದೇ ನೀರನ್ನು. ಆದರೆ ಬಿಸಿಲು ಬಲಿಯುವುದು ಹತ್ತರ ಮೇಲೆ, ಥರ್ಮೋಸ್ಟಾಟಿಗೆ ಅಷ್ಟು ತಾಳ್ಮೆಯಿಲ್ಲ. 22 ಡಿಗ್ರಿಯ ನೀರು ತಾಗಿದ್ದೇ ತಡ, 2 ಕಿಲೋವ್ಯಾಟ್ ಕಾಯಿಲ್ ಶುರು. ಕಾಯಿಲ್ ತಳದಲ್ಲಿದ್ದರೆ ಆ 120 ಲೀಟರನ್ನೂ 60 ಡಿಗ್ರಿಗೆ ಏರಿಸಲು ಎರಡೂವರೆ ಗಂಟೆಗೂ ಹೆಚ್ಚು, ಐದು ಯೂನಿಟ್‌ಗೂ ಹೆಚ್ಚು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಟ್ಯಾಂಕು ಆಗಲೇ ಕಾದು ಕೂತಿರುತ್ತದೆ.

ಅನುಮಾನವಿದ್ದರೆ ಸ್ನಾನ ಮುಗಿದ ಕೂಡಲೇ ಕಾಯಿಲ್‌ನ ಎಂಸಿಬಿ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಇಳಿಸಿ, ಮೀಟರಿನ ಕೆಂಪು ದೀಪ ನೋಡಿ. ಪಟಪಟ ಮಿಣುಕುತ್ತಿದ್ದರೆ ಸೋಲಾರಿನ ಹೆಸರಲ್ಲಿ ನೀವು ಓಡಿಸುತ್ತಿರುವುದು ಗೀಸರನ್ನು.

ಬಿಸಿಲಿನ ತಿಂಗಳುಗಳಲ್ಲಿ ಕಾಯಿಲ್‌ನ ಸ್ವಿಚ್ ಆಫ್ ಮಾಡಿಬಿಡಿ, ಮತ್ತೆ ಮುಟ್ಟಲೇಬೇಡಿ. ಜೂನ್‌ನಿಂದ ಆಗಸ್ಟ್‌ವರೆಗಿನ ಮೋಡದ ದಿನಗಳಿಗೆ 16 ಆಂಪಿಯರ್‌ನ ಟೈಮರ್ ಹಾಕಿಸಿ, ಬೆಳಗಿನ 4.45ರಿಂದ 5.30ರವರೆಗೆ. ಮೋಡವಿದ್ದರೂ ಪ್ಯಾನೆಲ್ ನೀರನ್ನು ಒಂದಿಷ್ಟು ಬೆಚ್ಚಗೆ ಮಾಡಿರುತ್ತದೆ. 100 ಲೀಟರನ್ನು ಇನ್ನು 10 ಡಿಗ್ರಿ ಏರಿಸಲು ಒಂದೂಕಾಲು ಯೂನಿಟ್ ಸಾಕು. ಈ ಲೆಕ್ಕ ಕಾಯಿಲ್ ಟ್ಯಾಂಕಿನ ನಡುವಿಗಿಂತ ಮೇಲಿದ್ದರೆ ಮಾತ್ರ, ಅದು ಕಾಯಿಸುವುದು ತನ್ನ ಮೇಲಿನ ನೀರನ್ನಷ್ಟೇ. ತಳದಲ್ಲಿದ್ದರೆ 200 ಲೀಟರೂ ಕಾಯಬೇಕು, ಲೆಕ್ಕ ಇಮ್ಮಡಿ. ಟೈಮರಿನೊಳಗೆ ಬ್ಯಾಟರಿ ಇದೆಯೇ ಎಂದು ಅಂಗಡಿಯಲ್ಲೇ ಕೇಳಿ. ಇಲ್ಲದ್ದನ್ನು ತಂದರೆ, ದಿನಕ್ಕೊಂದು ಗಂಟೆ ಕರೆಂಟ್ ಹೋಗಿ ಅದರ ಗಡಿಯಾರ ನಿಂತರೂ ಸಾಕು, ವಾರದಲ್ಲಿ ಅದರ ಬೆಳಗಿನ ಐದು ನಿಮ್ಮ ಮಧ್ಯಾಹ್ನ ಹನ್ನೆರಡಕ್ಕೆ ಬಂದು ನಿಂತಿರುತ್ತದೆ.

ಇನ್ನು ಬೋರ್‌ವೆಲ್ ನೀರಿನವರಿಗೆ. ಗಡಸು ನೀರಿನಲ್ಲಿ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ, ಕ್ರಮೇಣ ಹೊರಕವಚ ಬಿರಿಯಲೂಬಹುದು. ಆಗ ನೀರಿಗೇ ಕರೆಂಟ್ ಇಳಿಯುವ ಅಪಾಯ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ರಕ್ಷಣೆಯ ಸ್ವಿಚ್) ಪದೇ ಪದೇ ಬೀಳುತ್ತಿದ್ದರೆ "ಅದನ್ನೊಂದು ಬೈಪಾಸ್ ಮಾಡ್ಕೊಡಪ್ಪಾ" ಎಂದು ಎಲೆಕ್ಟ್ರಿಷಿಯನ್‌ಗೆ ದುಂಬಾಲು ಬೀಳಬೇಡಿ. ಕಾಯಿಲ್ ಬಿಚ್ಚಿ ನೋಡಲಿ.