ಶಾಂತಲೆಗೆ ಆ ಮುಖ ಬಂದದ್ದು ಯಾವಾಗ?

ಬೇಲೂರಿನ ಚೆನ್ನಕೇಶವ ದೇವಾಲಯದ ಜಗತಿಯನ್ನು ಹತ್ತಿದವರು ಕತ್ತೆತ್ತಿ ಹುಡುಕುವ ಮೊದಲ ಶಿಲ್ಪ ದರ್ಪಣ ಸುಂದರಿ. ಒಂದು ಕೈಯಲ್ಲಿ ದುಂಡು ಕನ್ನಡಿ ಹಿಡಿದು, ಮೈಯನ್ನು ಮೂರು ಕಡೆ ಬಳುಕಿಸಿ, ತನ್ನ ಮುಖವನ್ನು ತಾನೇ ನೋಡಿಕೊಳ್ಳುತ್ತ ನಿಂತಿರುವ ಈ ಹೆಣ್ಣು ವಿಷ್ಣುವರ್ಧನನ ಪಟ್ಟದರಸಿ ಶಾಂತಲಾದೇವಿಯೇ ಎಂಬ ಮಾತನ್ನು ಅಲ್ಲಿಗೆ ಬರುವ ಶಾಲಾಮಕ್ಕಳಿಂದ ಹಿಡಿದು ಪರದೇಶದ ಪ್ರವಾಸಿಗರವರೆಗೆ ಎಲ್ಲರೂ ಕೇಳಿಸಿಕೊಂಡು ಹೋಗುತ್ತಾರೆ. ಕರ್ನಾಟಕದ ಇತಿಹಾಸದಲ್ಲಿ ರೂಪಕ್ಕೆ ಹೆಸರಾದವರು ಯಾರೆಂದು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಹೆಸರು ಅವಳದೇ. ಆದರೆ ಇದು ಶಾಂತಲೆಯ ರೂಪ ಎಂದು ಹೇಳುವ ಬರಹ ಆ ಶಿಲ್ಪದಲ್ಲಿ ಇಲ್ಲ. ದರ್ಪಣ ಸುಂದರಿ ಎಂಬ ಹೆಸರು ಕೂಡ ಹೊಯ್ಸಳರ ಕಾಲದ್ದಲ್ಲ, ನೋಡುಗರು ಮುಂದೆ ಇಟ್ಟುಕೊಂಡದ್ದು. ಹಾಗಾದರೆ ಒಂಬತ್ತು ಶತಮಾನಗಳ ಹಿಂದೆ ಬಾಳಿದ ಒಬ್ಬ ರಾಣಿಗೆ ಈ ಮುಖ ಹೇಗೆ ಬಂತು ಎಂಬುದನ್ನು ಶಾಸನದಿಂದ ಆರಂಭಿಸಿ ನೋಡಬೇಕಾಗುತ್ತದೆ.

ಶಾಂತಲೆಯ ವಿಷಯದಲ್ಲಿ ನಮಗೆ ದೊರೆಯುವ ಸಮಕಾಲೀನ ಮಾತುಗಳಲ್ಲಿ ಮುಖ್ಯವಾದವು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿವೆ. ಅಲ್ಲಿ ಅವಳು 1123ರಲ್ಲಿ ಶಾಂತಿನಾಥ ತೀರ್ಥಂಕರನನ್ನು ಪ್ರತಿಷ್ಠಾಪಿಸಿ ಒಂದು ಬಸದಿಯನ್ನು ಕಟ್ಟಿಸಿದಳು. ಸವತಿಯರ ಪಾಲಿಗೆ ಮದಗಜದಂಥವಳು ಎಂಬ ಅವಳ ಬಿರುದಿನಿಂದಲೇ ಅದಕ್ಕೆ ಸವತಿಗಂಧವಾರಣ ಬಸದಿ ಎಂಬ ಹೆಸರು ಬಂದಿದೆ. ಅಲ್ಲಿಯ ಶಾಸನ ರಾಣಿಯನ್ನು ಹೊಗಳುವ ಸಾಲುಗಳನ್ನು ನಿಧಾನವಾಗಿ ಓದಿದವರಿಗೆ ಕಾಣುವ ಹೆಣ್ಣು ಕನ್ನಡಿ ಹಿಡಿದವಳಲ್ಲ. ವಿವೇಕದಲ್ಲಿ ಬೃಹಸ್ಪತಿ, ಕೇಳಿದ ಮಾತಿಗೆ ಆ ಕ್ಷಣದಲ್ಲೇ ಉತ್ತರ ಕೊಡುವುದರಲ್ಲಿ ವಾಚಸ್ಪತಿ, ಗೀತ ವಾದ್ಯ ನೃತ್ಯಗಳಿಗೆ ಸೂತ್ರಧಾರೆ, ಜಿನಸಮಯಕ್ಕೆ ಕಟ್ಟಿದ ಪ್ರಾಕಾರ, ಆಹಾರ ಅಭಯ ಔಷಧ ಶಾಸ್ತ್ರಗಳೆಂಬ ನಾಲ್ಕು ದಾನಗಳಲ್ಲಿ ಸಂತೋಷ ಕಾಣುವವಳು ಎಂದು ಅದು ಹೇಳುತ್ತ ಹೋಗುತ್ತದೆ. ಇವುಗಳ ನಡುವೆ ಮನ್ಮಥರಾಜನ ವಿಜಯಪತಾಕೆ ಎಂಬ ಮಾತೂ ಬರುತ್ತದೆ. ರೂಪದ ಹೊಗಳಿಕೆ ಇದೆ, ಇಲ್ಲವೆನ್ನುವಂತಿಲ್ಲ. ಆದರೆ ಬುದ್ಧಿ, ಕಲೆ, ಧರ್ಮಗಳ ಹೊಗಳಿಕೆಯ ಸಾಲಿನಲ್ಲಿ ಅದಕ್ಕೆ ಸಿಕ್ಕಿರುವುದು ಸಣ್ಣ ಜಾಗ. ಕಣ್ಣು ಹೇಗಿತ್ತು, ಬಣ್ಣ ಯಾವುದು, ನಿಲುವು ಎಷ್ಟೆತ್ತರ ಎಂಬ ಒಂದು ವಿವರವೂ ಅಲ್ಲಿ ಸಿಗುವುದಿಲ್ಲ.

ಸಿಕ್ಕಿದ್ದರೂ ಅದನ್ನು ಸಾಕ್ಷ್ಯವಾಗಿ ಎತ್ತಿಕೊಳ್ಳುವುದು ಕಷ್ಟವಾಗುತ್ತಿತ್ತು. ಹೊಯ್ಸಳ ಶಾಸನಗಳನ್ನು ರಚಿಸಿದವರು ಕಾವ್ಯದ ಶಿಕ್ಷಣ ಪಡೆದ ವಿದ್ವಾಂಸರು. ಅವರ ಕೈಯಲ್ಲಿ ರಾಣಿಯರೆಲ್ಲ ರತಿಯೂ ಲಕ್ಷ್ಮಿಯೂ ರುಕ್ಮಿಣಿಯೂ ಆಗುತ್ತಿದ್ದರು, ದಂಡನಾಯಕರ ಹೆಂಡಿರಿಗೂ ಅದೇ ಉಪಮೆಗಳು ಸಲ್ಲುತ್ತಿದ್ದವು. ಇಂಥ ಹೊಗಳಿಕೆಯ ರಾಶಿಯಲ್ಲಿ ಇತಿಹಾಸಕಾರರು ಹುಡುಕುವುದು ಉಪಮೆಗಳ ನಡುವೆ ಆಯಾ ವ್ಯಕ್ತಿಗೇ ಸಲ್ಲುವ ಮಾತನ್ನು. ಚಿಕ್ಕಮಗಳೂರು ತಾಲ್ಲೂಕಿನ ಸಿಂದಿಗೆರೆಯ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ವಿಷ್ಣುವರ್ಧನನ ಅಣ್ಣ ಒಂದನೆಯ ಬಲ್ಲಾಳನು 1103ರಲ್ಲಿ ಮರಿಯಾನೆ ದಂಡನಾಯಕನ ಮೂವರು ಹೆಣ್ಣುಮಕ್ಕಳಾದ ಪದುಮಲದೇವಿ, ಚಾವಲದೇವಿ, ಬೊಪ್ಪದೇವಿಯರನ್ನು ಒಂದೇ ಹಂದರದಲ್ಲಿ ಮದುವೆಯಾದನೆಂದು ಹೇಳುವ ಅದು, ಆ ಮೂವರೂ ಶಾಸ್ತ್ರದಲ್ಲಿ, ಹಾಡಿನಲ್ಲಿ, ನೃತ್ಯದಲ್ಲಿ ನುರಿತವರಾಗಿದ್ದರೆಂಬುದನ್ನು ಎತ್ತಿ ಹೇಳುತ್ತದೆ. ಅವರನ್ನು ಸಾಕಿದ ಮೊಲೆಹಾಲಿನ ಋಣಕ್ಕೆಂದು ಮರಿಯಾನೆಗೆ ಸಿಂದಿಗೆರೆಯ ಒಡೆತನವನ್ನು ಕೊಟ್ಟ ಸಂಗತಿಯೂ ಅಲ್ಲಿಯೇ ದಾಖಲಾಗಿದೆ. ಶಾಂತಲೆಯ ಒಂದು ತಲೆಮಾರಿನಷ್ಟೂ ಹಿಂದಲ್ಲದ ಆ ಅರಮನೆಯಲ್ಲಿ ಹೆಣ್ಣಿಗೆ ವಿದ್ಯೆಯೂ ಸಂಗೀತ ನೃತ್ಯಗಳೂ ಗೌರವ ತರುತ್ತಿದ್ದವು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಡ. ಶಾಂತಲೆಯನ್ನು ಗೀತ ವಾದ್ಯ ನೃತ್ಯಗಳ ಸೂತ್ರಧಾರೆ ಎಂದು ಕರೆದ ಶಾಸನಕವಿ ಬರಿಯ ಅಲಂಕಾರಕ್ಕಾಗಿ ಆ ಮಾತನ್ನು ಬರೆದಿರಲಾರನು ಎಂದು ನಾನು ನಂಬಲು ಕಾರಣವೂ ಇದೇ.

ಈಗ ಕಲ್ಲಿನ ವಿಷಯ. ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಯಾಯಿತು. ಅದರ ಮದನಿಕೆಯರು, ಎಂದರೆ ದರ್ಪಣ ಸುಂದರಿಯೂ ಸೇರಿದ ಚೆಲುವೆಯರ ಶಿಲ್ಪಗಳು, 42 ಮಂದಿ: ಹೊರಗಿನ ಸೂರಿನ ಕೆಳಗೆ 38, ಒಳಗೆ ನವರಂಗದ ನಡುವಿನ ಕಂಬಗಳ ಮೇಲೆ 4. ಗೋಡೆಯ ಕಲ್ಲಿನಲ್ಲೇ ಕೊರೆದ ಶಿಲ್ಪಗಳು ಇವಲ್ಲ. ಒಂದೊಂದನ್ನೂ ಬೇರೆಯಾಗಿ, ಸುತ್ತಲಿನ ಬಳ್ಳಿಯ ಚಪ್ಪರ ಮತ್ತು ಪರಿವಾರದ ಪುಟ್ಟ ಆಕೃತಿಗಳ ಸಮೇತ ಒಂದೇ ಕಲ್ಲಿನಲ್ಲಿ ಕಂಡರಿಸಿ, ಆಮೇಲೆ ಕಂಬದ ತಲೆಗೂ ಸೂರಿಗೂ ನಡುವೆ ಓರೆಯಾಗಿ ಸೇರಿಸಲಾಗಿದೆ. ಆದ್ದರಿಂದಲೇ ಅವು ನಮ್ಮ ಕಡೆಗೆ ಬಾಗಿದಂತೆ ಕಾಣುತ್ತವೆ. ಬಳಪದ ಕಲ್ಲು ಗಣಿಯಿಂದ ಹೊರಬಂದಾಗ ಮೆದುವಾಗಿದ್ದು ಗಾಳಿಗೆ ಆರುತ್ತ ಗಟ್ಟಿಯಾಗುವುದರಿಂದ ಕೊರಳ ಸರದ ಎಳೆ, ಬೆರಳಿನ ಉಂಗುರ, ಮುಂಗುರುಳಿನ ಸುರುಳಿಗಳನ್ನೆಲ್ಲ ಬಿಡಿಸಿ ತೋರಿಸುವುದು ರೂವಾರಿಗಳಿಗೆ ಸಾಧ್ಯವಾಯಿತು. ಆದರೆ ಮುಖಗಳನ್ನು ಮಾತ್ರ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಬೇಕು. ದುಂಡು ಕೆನ್ನೆ, ಉದ್ದನೆಯ ಕಣ್ಣು, ಚಿಕ್ಕ ಬಾಯಿ, ನೀಳ ಹುಬ್ಬು ಎಲ್ಲದರಲ್ಲೂ ಬಹುಮಟ್ಟಿಗೆ ಒಂದೇ ಬಗೆಯವು. ಗಿಳಿಯೊಡನೆ ಮಾತಾಡುವವಳು, ಬೇಟೆಗೆ ಹೊರಟವಳು, ಸೀರೆ ಎಳೆಯುವ ಕೋತಿಯನ್ನು ಗದರಿಸುವವಳು, ಕುಣಿಯುವವಳು, ಇವರನ್ನು ಬೇರೆ ಬೇರೆಯಾಗಿಸುವುದು ಅವರು ಮಾಡುತ್ತಿರುವ ಕೆಲಸ ಮತ್ತು ಮೈಯ ಭಂಗಿ. ಒಬ್ಬ ನಿರ್ದಿಷ್ಟ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು ಅವಳ ಹೋಲಿಕೆಯನ್ನು ಹಿಡಿಯುವ ಉದ್ದೇಶ ಈ ಶಿಲ್ಪಪರಂಪರೆಗೆ ಇರಲಿಲ್ಲ.

ಹೆಸರುಗಳು ಅಲ್ಲಿ ಇಲ್ಲವೇ ಎಂದರೆ ಇವೆ, ಆದರೆ ಅವು ಕಂಡರಿಸಿದವರವು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ಮದನಿಕೆಗಳ ಕೆಳಗೆ ತಮ್ಮ ಊರು, ಬಿರುದುಗಳೊಡನೆ ಹೆಸರನ್ನು ಬರೆದುಕೊಂಡಿದ್ದಾರೆ. ಎದುರಿಗೆ ನಿಂತ ಹೆಣ್ಣು ಯಾರೆಂದು ಅವರಲ್ಲಿ ಒಬ್ಬರೂ ಬರೆದಿಲ್ಲ. ಪೂರ್ವ ಬಾಗಿಲಿನ ಪಕ್ಕದ ಫಲಕವೊಂದರಲ್ಲಿರುವ ದರ್ಬಾರಿನ ದೃಶ್ಯವನ್ನು ವಿಷ್ಣುವರ್ಧನನ ಒಡ್ಡೋಲಗವೆಂದೂ, ದೊರೆಯ ಪಕ್ಕದಲ್ಲಿರುವವಳು ಶಾಂತಲೆಯೆಂದೂ ವಿದ್ವಾಂಸರು ಗುರುತಿಸುವುದುಂಟು. ಆ ಊಹೆಗೆ ಆಧಾರ ಇದ್ದರೂ ಅಲ್ಲಿಯ ಆಕೃತಿ ಚಿಕ್ಕದು, ಮುಖ ಸಂಪ್ರದಾಯದ ಮುಖವೇ. ದೇವಾಲಯದ ಆವರಣದಲ್ಲಿ ಶಾಂತಲೆಯ ಹೆಸರು ಸಂಶಯಕ್ಕೆ ಎಡೆಯಿಲ್ಲದಂತೆ ಸಿಗುವುದು ಬೇರೊಂದು ಕಡೆ: ಕಪ್ಪೆ ಚೆನ್ನಿಗರಾಯ ಎಂಬ ಕೇಶವಮೂರ್ತಿಯ ಪೀಠದಲ್ಲಿ, ಆ ಮೂರ್ತಿಯನ್ನು ಮಾಡಿಸಿದವಳಾಗಿ. ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜೈನಳು, ತಾನು ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆ. ಹಾಗಿದ್ದೂ ಕೇಶವನ ಈ ಗುಡಿಯನ್ನು ಕಟ್ಟಿಸಿದವಳು. ಹಳೇಬೀಡಿನ ಜೋಡಿ ಗರ್ಭಗುಡಿಗಳಲ್ಲಿ ಒಂದಕ್ಕೆ ಶಾಂತಲೇಶ್ವರ ಎಂಬ ಹೆಸರಿದೆ. ದರ್ಪಣ ಸುಂದರಿಯ ಎದುರು ನಿಲ್ಲುವ ಹೊತ್ತಿನಲ್ಲಿ ಅರ್ಧದಷ್ಟನ್ನಾದರೂ ಕಪ್ಪೆ ಚೆನ್ನಿಗರಾಯನ ಗುಡಿಗೆ ಮೀಸಲಿಟ್ಟರೆ ರಾಣಿಯ ಹೆಚ್ಚು ಹತ್ತಿರಕ್ಕೆ ಹೋದಂತಾಗುತ್ತದೆ.

ಶಾಸನದ ಶಾಂತಲೆ ಮತ್ತು ಕಲ್ಲಿನ ಮದನಿಕೆ ಒಂದಾದದ್ದು ಬಹಳ ಈಚೆಗೆ. ಊರಿನ ಬಾಯಿಮಾತಿನಲ್ಲಿ ಏನಿತ್ತೋ, ಮುದ್ರಣದ ಲೋಕಕ್ಕೆ ಶಾಂತಲೆ ಬಂದದ್ದು ಶಾಸನತಜ್ಞ ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನೂ, 1901 ಮತ್ತು 1902ರಲ್ಲಿ ಕಡೂರು, ಹಾಸನ ಜಿಲ್ಲೆಗಳ ಶಾಸನಗಳನ್ನೂ ಪ್ರಕಟಿಸಿದ ಮೇಲೆ. ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ದೇವಾಲಯದ ಬಗ್ಗೆಯೇ ಒಂದು ಪುಸ್ತಕ ಬರೆದು ಶಿಲ್ಪಿಗಳ ಹೆಸರುಗಳನ್ನು ಓದುಗರ ಮುಂದಿಟ್ಟರು. ಕನ್ನಡನಾಡನ್ನು ಒಂದುಗೂಡಿಸಬೇಕೆಂಬ ಹಂಬಲ ಬಲವಾಗುತ್ತಿದ್ದ ಆ ದಶಕಗಳಲ್ಲಿ ನಾಡಿನ ಹಿರಿಮೆಯನ್ನು ಹೇಳುವ ವ್ಯಕ್ತಿಗಳು ಬೇಕಾಗಿದ್ದರು; ಕಲೆ ಬಲ್ಲ, ಧರ್ಮಗಳ ನಡುವೆ ಸಾಮರಸ್ಯ ಕಂಡ, ದುಃಖದ ಅಂತ್ಯವಿದ್ದ ರಾಣಿಗಿಂತ ಒಪ್ಪುವ ಪಾತ್ರ ಇನ್ನಾವುದಿತ್ತು? ಕಾದಂಬರಿಕಾರರು ಅವಳನ್ನು ಎತ್ತಿಕೊಂಡರು. ಅವರಲ್ಲಿ ಒಬ್ಬರಾದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಅಂಗಸೌಷ್ಠವವನ್ನೇ ಬಾಳಿನ ಸಾಧನೆಯನ್ನಾಗಿ ಮಾಡಿಕೊಂಡಿದ್ದ ದೇಹದಾರ್ಢ್ಯಪಟು ಎಂಬುದು ಗಮನಿಸಬೇಕಾದ ಸಂಗತಿ. ಸಿ. ಕೆ. ನಾಗರಾಜರಾಯರು ಮುಂದೆ ಅವಳ ಬದುಕನ್ನು ಬಹಳ ವಿಸ್ತಾರವಾಗಿ ಬರೆದು 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಪಡೆದರು. ಕಾದಂಬರಿಯ ನಾಯಕಿಗೆ ಓದುಗರು ಒಂದು ಮುಖವನ್ನು ಕೇಳುತ್ತಾರೆ. ಬೇಲೂರಿನಲ್ಲಿ ಹೆಸರಿಲ್ಲದ ಮುಖಗಳು ಆಗಲೇ ಕಾದು ನಿಂತಿದ್ದವು. ಇದು ಯಾರೋ ಮಾಡಿದ ಮೋಸವೆಂದು ನಾನು ಹೇಳಲಾರೆ. ಪ್ರೀತಿಯಿಂದಲೇ ಆದ ಬೆಸುಗೆ ಅದು.

ಇಂಥದ್ದು ಬೇರೆಡೆಯೂ ನಡೆದಿದೆ. ಈಜಿಪ್ಟಿನ ನೆಫರ್ಟಿಟಿಯನ್ನು ಲೋಕ ಇಂದು ಚೆಲುವಿನ ಪ್ರತಿಮೆಯೆಂದು ಕಾಣುವುದು 1912ರಲ್ಲಿ ಅಮರ್ನಾದ ಶಿಲ್ಪಿಯೊಬ್ಬನ ಕಾರ್ಯಾಗಾರದ ಅವಶೇಷಗಳಲ್ಲಿ ಸಿಕ್ಕ ಒಂದು ತಲೆಯಿಂದ. ಕ್ಲಿಯೋಪಾತ್ರಳ ರೂಪ ಅಸಮಾನವೇನೂ ಆಗಿರಲಿಲ್ಲ, ಅವಳ ಮಾತಿನ ಸೊಗಸು ಮಾತ್ರ ತಪ್ಪಿಸಿಕೊಳ್ಳಲಾಗದ್ದು ಎಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದರೂ, ಅವಳು ಹಲವು ಭಾಷೆಗಳನ್ನು ಆಡುತ್ತಿದ್ದಳೆಂಬುದು ಹಿಂದೆ ಸರಿದು ರೂಪವೇ ಮುಂದೆ ಬಂತು. ರಾಜಸ್ಥಾನದ ಚಿತ್ತೂರಿನ ಮುತ್ತಿಗೆ ನಡೆದದ್ದು 1303ರಲ್ಲಿ. ಅಲ್ಲಿಯ ರಾಣಿ ಪದ್ಮಿನಿಯ ಚೆಲುವನ್ನು ಕವಿ ಜಾಯಸಿ ಹಾಡಿದ್ದು 1540ರ ಸುಮಾರಿಗೆ.

ನಮ್ಮ ಜಿಲ್ಲೆಯಲ್ಲಿ ಸೌಂದರ್ಯವೆಂದೇ ಹೆಸರಿಟ್ಟು, ಅದರ ಬಗ್ಗೆ ಯೋಚಿಸಿ ಬರೆದ ಹಳೆಯ ಶಾಸನ ಬೇಕಿದ್ದರೆ ಹೆಣ್ಣಿನ ಕಡೆಗಲ್ಲ, ಗಂಡಿನ ಕಡೆಗೆ ನೋಡಬೇಕು. ಜೈನ ಪುರಾಣದಲ್ಲಿ ಬಾಹುಬಲಿ ಕಾಮದೇವರಲ್ಲಿ ಮೊದಲನೆಯವನು, ಆ ಕಾಲದ ಅತಿ ಚೆಲುವ. ಚಾವುಂಡರಾಯನು 981ರಲ್ಲಿ ದೊಡ್ಡಬೆಟ್ಟದ ಮೇಲೆ ನಿಲ್ಲಿಸಿದ ಸುಮಾರು 58 ಅಡಿಯ ಮೂರ್ತಿಯನ್ನು ಕಂಡು, 1180ರ ಸುಮಾರಿಗೆ ಬೊಪ್ಪಣ ಕವಿ ಬರೆದ ಶಾಸನಪದ್ಯ ಅದ್ಭುತವಾದದ್ದು. ತುಂಬ ಎತ್ತರವಾದ ಆಕೃತಿಗೆ ಸೌಂದರ್ಯ ಬರುವುದಿಲ್ಲ, ಎತ್ತರ ಸೌಂದರ್ಯ ಎರಡೂ ಕೂಡಿದರೆ ಅತಿಶಯ ಬರುವುದಿಲ್ಲ, ಗೊಮ್ಮಟನಲ್ಲಿ ಮೂರೂ ನಿಂತಿವೆ, ಅವನಿಗೆ ಅವನೇ ಉಪಮೆ ಎಂಬುದು ಅದರ ಭಾವ. ರತಿ ಲಕ್ಷ್ಮಿಯರ ಸಿದ್ಧ ಉಪಮೆಗಳನ್ನು ಬದಿಗಿಟ್ಟು, ಕಣ್ಣೆದುರಿನ ರೂಪ ಏಕೆ ಚೆಲುವಾಗಿದೆ ಎಂದು ತರ್ಕಿಸಿದ ಕವಿ ಅವನು. ರಾಣಿಯೊಬ್ಬಳ ಬಗ್ಗೆ ಇಷ್ಟು ನೇರವಾಗಿ, ನೋಡಿ ಬರೆದ ಹೊಯ್ಸಳ ಪದ್ಯವನ್ನು ನಾನು ಓದಿಲ್ಲ.

ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಶಾಂತಲೆಯ ಕಥೆಯನ್ನು ಕೇಳುವವರು ಇನ್ನೂ ಹೆಚ್ಚಿದ್ದಾರೆ. ದರ್ಪಣ ಸುಂದರಿಯನ್ನು ತೋರಿಸಬಾರದೆಂದು ಯಾರೂ ಹೇಳುವುದಿಲ್ಲ. ಜನರ ನಂಬಿಕೆಯನ್ನು ಜನರ ನಂಬಿಕೆಯೆಂದೇ ಹೇಳಿ, ಜೊತೆಗೆ ಶಾಸನ ಹೇಳುವುದನ್ನೂ ಹೇಳಬೇಕು. ಅದಕ್ಕೆ ಬೇಕಾದ ಸಾಮಗ್ರಿ ಚಿಕ್ಕಬೆಟ್ಟದಲ್ಲಿ ತೆರೆದೇ ಇದೆ. ತನ್ನ ಬಸದಿಯ ಪೂಜೆಗೆಂದು ಶಾಂತಲೆ ಮೊಟ್ಟೆನವಿಲೆ ಗ್ರಾಮವನ್ನು ದತ್ತಿ ಬಿಟ್ಟದ್ದು, ಶಕವರ್ಷ 1053ರ, ಎಂದರೆ 1131ರ, ಚೈತ್ರ ಶುದ್ಧ ಪಂಚಮಿ ಸೋಮವಾರ ಶಿವಗಂಗೆಯಲ್ಲಿ ಅವಳು ತೀರಿಕೊಂಡದ್ದು, ಆ ಸುದ್ದಿ ತಿಳಿದ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳ ಉಪವಾಸವ್ರತ ಹಿಡಿದು ಪ್ರಾಣ ಬಿಟ್ಟದ್ದು, ಎಲ್ಲವೂ ಆ ಬೆಟ್ಟದ ಶಾಸನಗಳಲ್ಲಿ ದಾಖಲಾಗಿವೆ. ಗೊಮ್ಮಟನ ದರ್ಶನ ಮುಗಿಸಿ ದೊಡ್ಡಬೆಟ್ಟದಿಂದ ಇಳಿದವರು ಕಲ್ಯಾಣಿಯನ್ನು ಬಳಸಿಕೊಂಡು ಎದುರಿನ ಬೆಟ್ಟವನ್ನು ಹತ್ತಿದರೆ ಸವತಿಗಂಧವಾರಣ ಬಸದಿ ಸಿಗುತ್ತದೆ.